ಗುಲಾಬಿಯ ಬುಡದಲ್ಲಿ ಎದ್ದ ಮರಿಗಳನ್ನು ಬೇರ್ಪಡಿಸಿ ಹೊಸ ಗಿಡ ಮಾಡುವುದು ಹೇಗೆ?

ಪ್ರಶ್ನೆ: ಹಿತ್ತಲಪಾತಿ

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಯವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಕೈಯಾರೆ ನೋಡಿಕೊಂಡ ಗುಲಾಬಿ ಗಿಡವೊಂದು ಈಗ ನನ್ನ ಆರೈಕೆಯಲ್ಲಿದೆ. ಹೂವು ತಿಳಿಗುಲಾಬಿ ಬಣ್ಣದ್ದು, ಎಸಳುಗಳು ಒತ್ತೊತ್ತಾಗಿ ತುಂಬಿರುತ್ತವೆ, ಗಿಡದ ಹತ್ತಿರ ಹೋಗುವ ಮೊದಲೇ ಪರಿಮಳ ತಿಳಿಯುತ್ತದೆ. ತಳಿಯ ಹೆಸರು ತಾಯಿಯವರಿಗೂ ಗೊತ್ತಿರಲಿಲ್ಲವಾದ್ದರಿಂದ, ಈ ಗಿಡ ಹೋದರೆ ಅದೇ ಹೂವನ್ನು ಮತ್ತೆ ಹುಡುಕಿ ತರುವ ದಾರಿ ನನಗಿಲ್ಲ. ಎರಡು ವರ್ಷಗಳಿಂದ ಹಳೆಯ ಕೊಂಬೆಗಳು ಒಂದೊಂದಾಗಿ ತುದಿಯಿಂದ ಒಣಗುತ್ತಾ ಬರುತ್ತಿವೆ. ಹೂವಿನ ಸಂಖ್ಯೆಯೂ ಕಡಿಮೆಯಾಗಿದೆ.

ಆದರೆ ಬುಡದ ಸುತ್ತ ಐದು ಮರಿಗಳು ಎದ್ದಿವೆ. ಮೂರು ಮರಿಗಳು ಬುಡಕ್ಕೆ ಅಂಟಿಕೊಂಡಂತೆ ಬಂದಿವೆ, ಇನ್ನೆರಡು ಬುಡದಿಂದ ಸುಮಾರು 40 ಸೆಂ.ಮೀ. ದೂರದಲ್ಲಿ ನೆಲವನ್ನು ಸೀಳಿಕೊಂಡು ಎದ್ದಿವೆ. ದೂರದ ಎರಡು ಮರಿಗಳು ಬಹಳ ಬೇಗ ಬೆಳೆದು ಈಗಾಗಲೇ ನನ್ನ ಸೊಂಟದ ಎತ್ತರಕ್ಕೆ ಬಂದಿವೆ. ಬುಡದ ಬಳಿಯವು ಅವಕ್ಕಿಂತ ಗಿಡ್ಡ, ಕಡ್ಡಿಯೂ ತೆಳು. ಯಾವುದರಲ್ಲಿಯೂ ಇನ್ನೂ ಹೂ ಬಂದಿಲ್ಲ.

ಕಳೆದ ವರ್ಷ ಇಂತಹುದೇ ಒಂದು ಮರಿಯನ್ನು ಕಿತ್ತು ನೆಟ್ಟು ಕಳೆದುಕೊಂಡೆ. ಬಿಸಿಲು ಕಟುವಾಗಿದ್ದ ದಿನಗಳಲ್ಲಿ ಮಣ್ಣನ್ನು ಸ್ವಲ್ಪ ಕೆದಕಿ ಎಳೆದು ತೆಗೆದು, ಗುಂಡಿಗೆ ಧಾರಾಳವಾಗಿ ಗೊಬ್ಬರ ಹಾಕಿ ನೆಟ್ಟು, ದಿನಕ್ಕೆ ಎರಡು ಬಾರಿ ನೀರು ಕೊಟ್ಟೆ. ಎಂಟು ದಿನಗಳಲ್ಲಿ ಎಲೆಗಳು ಉದುರಿದವು, ಮೂರು ವಾರಗಳಲ್ಲಿ ಕಡ್ಡಿ ಕಪ್ಪಾಯಿತು. ಈ ಬಾರಿ ಅಂತಹ ತಪ್ಪು ಆಗಬಾರದೆಂಬ ಆತಂಕದಿಂದ ಕೇಳುತ್ತಿದ್ದೇನೆ. ಐದರಲ್ಲಿ ಯಾವುದನ್ನು ಆರಿಸಬೇಕು, ಯಾವಾಗ ತೆಗೆಯಬೇಕು, ಎಷ್ಟು ಬೇರು ಇದ್ದರೆ ಸಾಕು, ಮತ್ತು ಈ ಮರಿಗಳಲ್ಲಿ ತಾಯಿಯವರ ಗಿಡದ ಹೂವೇ ಬರುತ್ತದೆ ಎಂದು ನಂಬಬಹುದೇ? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಿಕೊಡಿ.


ಉತ್ತರ 1: ಕಸಿಗಂಟು

ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳಬೇಕು. ಅದಕ್ಕೆ ಉತ್ತರ ಸಿಗದೆ ಸಲಿಕೆ ಹಿಡಿಯುವುದರಲ್ಲಿ ಅರ್ಥವಿಲ್ಲ. ಗುಲಾಬಿಯ ಮರಿ ಯಾವ ಬೇರಿನಿಂದ ಎದ್ದಿದೆಯೋ ಆ ಬೇರಿನ ಹೂವನ್ನೇ ಕೊಡುತ್ತದೆ. ಗಿಡ ತನ್ನದೇ ಬೇರಿನ ಮೇಲೆ ನಿಂತಿದ್ದರೆ ಮರಿಯೂ ತಾಯಿಗಿಡದ ತದ್ರೂಪವಾಗಿರುತ್ತದೆ. ಆದರೆ ಮಾರಾಟಕ್ಕೆ ಬರುವ ಗುಲಾಬಿಗಳಲ್ಲಿ ಬಹಳಷ್ಟು ಗಿಡಗಳು ಕಣ್ಣುಕಸಿ ಮಾಡಿದವು. ಅಂದರೆ ಮೇಲಿನ ಭಾಗ ಒಂದು ತಳಿಯದು, ಕೆಳಗೆ ಬೇರು ಕೊಡುವ ರೂಟ್‌ಸ್ಟಾಕ್ ಬೇರೊಂದು ಜಾತಿಯದು. ಕಸಿ ಮಾಡಿದ ಜಾಗದ ಕೆಳಗಿನಿಂದ ಎದ್ದ ಮರಿಯನ್ನು ನೀವು ಎಷ್ಟೇ ಜೋಪಾನವಾಗಿ ಬೆಳೆಸಿದರೂ ಅದರಲ್ಲಿ ಆ ರೂಟ್‌ಸ್ಟಾಕಿನ ಹೂವೇ ಬರುತ್ತದೆ.

ರೂಟ್‌ಸ್ಟಾಕ್ ಆಗಿ ಹೆಚ್ಚು ಬಳಕೆಯಲ್ಲಿರುವ ಕೆಲವು ಗುಲಾಬಿಗಳನ್ನು ಹೇಳುತ್ತೇನೆ. ರೋಸಾ ಮಲ್ಟಿಫ್ಲೋರಾದಲ್ಲಿ ಸಣ್ಣ ಬಿಳಿ ಹೂಗಳು ದೊಡ್ಡ ಗೊಂಚಲಾಗಿ ಬರುತ್ತವೆ. ರೋಸಾ ಕನೈನಾದಲ್ಲಿ ಐದೇ ಎಸಳಿನ, ತಿಳಿಗುಲಾಬಿ ಅಥವಾ ಬಿಳಿ ಬಣ್ಣದ ಹೂ. ‘ಡಾಕ್ಟರ್ ಹ್ಯೂಯ್’ ಎಂಬುದು ಕಡುಗೆಂಪು ಹೂ ಬಿಡುವ ಬಳ್ಳಿಗುಲಾಬಿ. ಅದನ್ನು ತಳಿಯಾಗಿ ಬೆಳೆಸಿದ್ದು ಅದರ ಹೂವಿಗಾಗಿ, ಆದರೆ ಮುಂದೆ ಅದು ಅಮೆರಿಕದಲ್ಲಿ ಕಸಿಗೆ ಬೇರು ಕೊಡುವ ಗಿಡವಾಗಿಯೇ ಹೆಚ್ಚು ಹರಡಿತು. ನೆಟ್ಟಾಗ ಹಳದಿ ಹೂ ಬಿಡುತ್ತಿದ್ದ ಗಿಡ ಕೆಲವು ವರ್ಷಗಳ ಬಳಿಕ ಕೆಂಪು ಹೂ ಬಿಡತೊಡಗಿತು, ಬಣ್ಣ ಬದಲಾಯಿತು ಎಂದು ಎಷ್ಟೋ ಜನ ಬೆರಗಿನಿಂದ ಹೇಳುವುದನ್ನು ಕೇಳಿದ್ದೇನೆ. ನಿಜವಾಗಿ ಅಲ್ಲಿ ಆಗಿರುವುದು ಇಷ್ಟೆ: ಮೇಲಿನ ತಳಿ ಸೊರಗಿ ಸತ್ತು, ಬೇರಿನ ಗಿಡ ಮೇಲೆದ್ದು ಜಾಗವನ್ನು ಹಿಡಿದಿರುತ್ತದೆ.

ನಿಮ್ಮ ಗಿಡ ಕಸಿಯದೋ ಅಲ್ಲವೋ ಎಂದು ತಿಳಿಯಲು ಬುಡದ ಮಣ್ಣನ್ನು ಕೈಯಿಂದ ಅಥವಾ ಸಣ್ಣ ಕರಣೆಯಿಂದ ನಿಧಾನವಾಗಿ 10ರಿಂದ 15 ಸೆಂ.ಮೀ. ಆಳದವರೆಗೆ ಸರಿಸಿ ನೋಡಿ. ಕಾಂಡದಲ್ಲಿ ಮುಷ್ಟಿಯಂತೆ ಊದಿಕೊಂಡ, ಒರಟಾದ ಗಂಟು ಕಂಡು, ಕೊಂಬೆಗಳೆಲ್ಲ ಅದರಿಂದಲೇ ಕವಲೊಡೆದಿದ್ದರೆ ಅದು ಕಸಿಯ ಗಂಟು. ಗಂಟಿನ ಮೇಲಿನಿಂದ ಬಂದ ಚಿಗುರು ನಿಮ್ಮ ತಾಯಿಯವರ ತಳಿಯದು. ಗಂಟಿನ ಕೆಳಗಿನಿಂದ, ಅದರಲ್ಲೂ ಬೇರಿನಿಂದಲೇ ಬಂದ ಚಿಗುರು ಬೇರುಗಿಡದ್ದು. ಗಂಟು ಕಾಣಿಸದೆ, ಹಲವು ಕಾಂಡಗಳು ನೆಲದೊಳಗಿಂದ ಬೇರೆ ಬೇರೆಯಾಗಿ ಎದ್ದಿದ್ದರೆ ಗಿಡ ಸ್ವಂತ ಬೇರಿನ ಮೇಲಿರುವ ಸಾಧ್ಯತೆ ಹೆಚ್ಚು.

ಎಲೆಗಳನ್ನೂ ಹೋಲಿಸಿ ನೋಡಿ. ಐದು ಕಿರುಎಲೆಗಳಿದ್ದರೆ ಒಳ್ಳೆಯ ತಳಿ, ಏಳಿದ್ದರೆ ಕಾಡುಗಿಡ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ದಯವಿಟ್ಟು ಅದನ್ನು ನಂಬಿ ಯಾವ ಮರಿಯನ್ನೂ ಕಡಿಯಬೇಡಿ, ಏಕೆಂದರೆ ಏಳು ಕಿರುಎಲೆಗಳಿರುವ ಉತ್ತಮ ತಳಿಗಳು ಬೇಕಾದಷ್ಟಿವೆ. ಎಣಿಕೆಗಿಂತ ಎಲೆಯ ಬಣ್ಣ, ಹೊಳಪು, ಅಂಚಿನ ಹಲ್ಲು, ಮುಳ್ಳಿನ ಆಕಾರ ಮತ್ತು ದಟ್ಟಣೆ, ಎಳೆಚಿಗುರಿನ ಬಣ್ಣ ಇವುಗಳನ್ನು ತಾಯಿಗಿಡದ ಪಕ್ಕದಲ್ಲಿಟ್ಟು ನೋಡುವುದು ಮೇಲು. ಮಲ್ಟಿಫ್ಲೋರಾವನ್ನು ಗುರುತಿಸಲು ಒಂದು ಒಳ್ಳೆಯ ಲಕ್ಷಣವಿದೆ: ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಎರಡೂ ಬದಿಗೆ ರೆಕ್ಕೆಯಂತಹ ಸಣ್ಣ ಭಾಗವಿರುತ್ತದಲ್ಲ, ಅದರ ಅಂಚು ಈ ಜಾತಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಎಳೆ ಎಳೆಯಾಗಿ ಸೀಳಿರುತ್ತದೆ.

ದೂರದ ಎರಡು ಮರಿಗಳು ಅಷ್ಟು ವೇಗವಾಗಿ ಬೆಳೆದಿವೆ ಎಂದು ನೀವು ಬರೆದಿರುವುದು ನನ್ನಲ್ಲಿ ಸಂಶಯ ಹುಟ್ಟಿಸಿದೆ. ಮಣ್ಣು ಸರಿಸಿ ನೋಡಿ, ಕಂಡದ್ದನ್ನು ಬರೆಯಿರಿ. ಅಲ್ಲಿಯವರೆಗೆ ಯಾವುದನ್ನೂ ಕೀಳಬೇಡಿ.


ಉತ್ತರ 2: ಮಣ್ಣುಹೆಂಟೆ

ಕಸಿಗಂಟು ಅವರು ಗುರುತಿಸುವ ವಿಷಯವನ್ನು ಹೇಳಿರುವುದರಿಂದ ನಾನು ತೆಗೆದು ನೆಡುವ ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ. ನನ್ನ ತೋಟದಲ್ಲಿ ಗ್ಯಾಲಿಕಾ ಮತ್ತು ರುಗೋಸಾ ಗುಲಾಬಿಗಳಿವೆ. ಇವು ಸ್ವಂತ ಬೇರಿನ ಮೇಲಿದ್ದರೆ ನೆಲದೊಳಗೆ ಓಡುವ ಕಾಂಡಗಳನ್ನು ಕಳುಹಿಸಿ ತಾವಾಗಿಯೇ ಹರಡುತ್ತವೆ, ಹಾಗಾಗಿ ಮರಿ ಕೀಳುವ ಕೆಲಸ ನನಗೆ ಪ್ರತಿ ವರ್ಷವೂ ಇದ್ದೇ ಇರುತ್ತದೆ.

ಕಳೆದ ವರ್ಷ ನಿಮ್ಮ ಮರಿ ಸತ್ತದ್ದು ನೀರಿನ ಕೊರತೆಯಿಂದಲ್ಲ ಎಂದು ನನಗೆ ಅನಿಸುತ್ತದೆ. ಎಳೆದು ತೆಗೆದಾಗ ನೀರು ಹೀರುವ ನವಿರಾದ ಬೇರುಗಳೆಲ್ಲ ಮಣ್ಣಿನಲ್ಲೇ ಉಳಿದಿರುತ್ತವೆ. ಮೇಲೆ ಎಲೆಗಳು ಪೂರ್ತಿಯಾಗಿದ್ದು ಬಿಸಿಲಿಗೆ ನೀರನ್ನು ಕಳೆದುಕೊಳ್ಳುತ್ತಲೇ ಇರುತ್ತವೆ, ಕೆಳಗೆ ಅದನ್ನು ತುಂಬಿಕೊಡುವ ಬೇರಿಲ್ಲ. ಗುಂಡಿಯಲ್ಲಿದ್ದ ಹೆಚ್ಚಿನ ಗೊಬ್ಬರದ ಲವಣ ಉಳಿದ ಬೇರನ್ನೂ ಸುಟ್ಟಿರಬಹುದು, ದಿನಕ್ಕೆರಡು ಬಾರಿ ಕೊಟ್ಟ ನೀರು ಮಣ್ಣಿನಲ್ಲಿ ಗಾಳಿಯಾಡದಂತೆ ಮಾಡಿರಬಹುದು.

ಮರಿಯನ್ನು ಆರಿಸುವಾಗ ಎತ್ತರವನ್ನು ನೋಡಬೇಡಿ, ಬೇರನ್ನು ನೋಡಿ. ಪೆನ್ಸಿಲಿನಷ್ಟು ದಪ್ಪವಿರುವ, ಒಂದು ವರ್ಷದಷ್ಟು ಹಳೆಯದಾದ, ತೊಗಟೆ ಸ್ವಲ್ಪ ಗಟ್ಟಿಯಾದ ಮರಿ ಒಳ್ಳೆಯದು. ಅದರ ಬುಡದ ಮಣ್ಣನ್ನು ಸರಿಸಿದಾಗ ಮರಿಯದೇ ಆದ ಎಳೆಬೇರುಗಳು ಗೊಂಚಲಾಗಿ ಕಾಣಬೇಕು. ಸೊಂಟದೆತ್ತರ ಬೆಳೆದಿದ್ದರೂ ಒಂದೇ ಒಂದು ದಪ್ಪ ಬೇರಿಗೆ ಜೋತುಬಿದ್ದು ಸ್ವಂತ ಎಳೆಬೇರಿಲ್ಲದ ಮರಿ, ತಾಯಿಯಿಂದ ಬೇರ್ಪಟ್ಟ ದಿನವೇ ಹಸಿವಿಗೆ ಬೀಳುತ್ತದೆ.

ಕಾಲದ ವಿಷಯ ಹೇಳುವುದಾದರೆ, ಚಳಿಗೆ ಎಲೆ ಉದುರಿಸಿ ಗಿಡ ಮಲಗುವ ಪ್ರದೇಶಗಳಲ್ಲಿ ಚಳಿಗಾಲ ಮುಗಿಯುತ್ತಾ ಬಂದು ಮೊಗ್ಗುಕಣ್ಣುಗಳು ಊದಿಕೊಳ್ಳುವ ಮೊದಲು ತೆಗೆಯುವುದು ಅತ್ಯುತ್ತಮ. ಚಳಿ ಸೌಮ್ಯವಾಗಿರುವಲ್ಲಿ ಎಲೆ ಉದುರಿದ ಬಳಿಕವೂ ತೆಗೆಯಬಹುದು. ಗಿಡ ವರ್ಷವಿಡೀ ಹಸಿರಾಗಿರುವ ಬಿಸಿ ಪ್ರದೇಶಗಳಲ್ಲಿ ಬಿಸಿಲಿನ ತೀಕ್ಷ್ಣತೆ ಇಳಿದು, ಮಣ್ಣು ತೇವವಾಗಿದ್ದೂ ಕೆಸರಾಗದೆ ಇರುವ ತಂಪಿನ ದಿನಗಳನ್ನು ಆರಿಸಿಕೊಳ್ಳಿ.

ನಾನು ಅನುಸರಿಸುವ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಒಂದು ಹಂತವನ್ನು ಬಹುತೇಕ ಜನ ಬಿಟ್ಟುಬಿಡುತ್ತಾರೆ. ಮರಿಯನ್ನು ಕತ್ತರಿಸುವುದು ಮತ್ತು ಕೀಳುವುದು ಒಂದೇ ದಿನ ಆಗಬೇಕಿಲ್ಲ. ಮೊದಲು ಮರಿಗೂ ತಾಯಿಗಿಡಕ್ಕೂ ನಡುವೆ ಹರಿತವಾದ ಸಲಿಕೆಯನ್ನು ನೇರವಾಗಿ ಇಳಿಸಿ, ಇಬ್ಬರನ್ನೂ ಕೂಡಿಸುವ ಬೇರನ್ನು ತುಂಡರಿಸಿ, ಮರಿಯನ್ನು ಅದು ಇರುವ ಜಾಗದಲ್ಲೇ ಬಿಟ್ಟುಬಿಡುತ್ತೇನೆ. ಆಮೇಲೆ ನಾಲ್ಕರಿಂದ ಆರು ವಾರ ಅದಕ್ಕೆ ಹದವಾಗಿ ನೀರು ಕೊಡುತ್ತೇನೆ. ತಾಯಿಯ ಆಧಾರ ತಪ್ಪಿದ ಮರಿ ಆ ಅವಧಿಯಲ್ಲಿ ಕದಲದ ಮಣ್ಣಿನಲ್ಲಿ ಕುಳಿತು ತನ್ನ ಬೇರನ್ನು ತಾನು ಬೆಳೆಸಿಕೊಳ್ಳುತ್ತದೆ. ಎರಡು ಆಘಾತಗಳನ್ನು ಒಂದೇ ದಿನ ಕೊಡುವ ಬದಲು ನಡುವೆ ಬಿಡುವು ಕೊಟ್ಟಂತಾಗುತ್ತದೆ. ಎಲೆಯಿಲ್ಲದೆ ಮಲಗಿರುವ ಗಿಡದ ಮರಿಗೆ ಇಷ್ಟು ಕಾಯುವ ಅಗತ್ಯವಿಲ್ಲ. ಹಸಿರಾಗಿರುವಾಗ ತೆಗೆಯಬೇಕಾಗಿ ಬಂದರೆ ಈ ಹಂತವನ್ನು ನಾನು ಎಂದೂ ಬಿಡುವುದಿಲ್ಲ.

ಕೀಳುವ ಹಿಂದಿನ ದಿನ ಮಣ್ಣಿಗೆ ಆಳವಾಗಿ ನೀರುಣಿಸಿ. ಹೊಸ ಗುಂಡಿಯನ್ನು ಮೊದಲೇ ತೋಡಿ ಸಿದ್ಧವಾಗಿಡಿ. ಮರಿಯನ್ನು ಕೈಯಲ್ಲಿ ಹಿಡಿದುಕೊಂಡು ಜಾಗ ಹುಡುಕುವಂತಾಗಬಾರದು. ಬೆಳಗಿನ ತಂಪಿನಲ್ಲಿ ಅಥವಾ ಮೋಡ ಕವಿದ ದಿನ, ಮರಿಯ ಸುತ್ತ 15ರಿಂದ 20 ಸೆಂ.ಮೀ. ಅಂತರದಲ್ಲಿ ಸಲಿಕೆ ಇಳಿಸಿ, 25 ಸೆಂ.ಮೀ. ಆಳದಿಂದ ಮಣ್ಣಿನ ಹೆಂಟೆಯ ಸಮೇತ ಮೇಲೆತ್ತಿ. ಹೆಂಟೆ ಒಡೆಯದಂತೆ ಗೋಣಿತಟ್ಟಿನ ಮೇಲಿಟ್ಟು ಸಾಗಿಸಿ. ಒಂದು ವೇಳೆ ಮಣ್ಣು ಉದುರಿ ಬೇರು ಬರಿದಾದರೆ, ಒದ್ದೆ ಬಟ್ಟೆಯಲ್ಲಿ ಸುತ್ತಿ, ನೆಡುವ ಮೊದಲು ಒಂದೆರಡು ಗಂಟೆ ನೀರಿನಲ್ಲಿ ನೆನೆಸಿಡಿ. ಜಜ್ಜಿದ ಅಥವಾ ಸೀಳಿದ ಬೇರಿನ ತುದಿಯನ್ನು ನೀಟಾಗಿ ಕತ್ತರಿಸಿ.

ಮೇಲಿನ ಭಾಗವನ್ನು ಕತ್ತರಿಸಲು ಮನಸ್ಸು ಒಪ್ಪುವುದಿಲ್ಲ, ನನಗೂ ಮೊದಲು ಒಪ್ಪುತ್ತಿರಲಿಲ್ಲ. ಆದರೂ ಕತ್ತರಿಸಲೇಬೇಕು. ನೆಲದಿಂದ 15ರಿಂದ 20 ಸೆಂ.ಮೀ. ಮಾತ್ರ ಉಳಿಸಿ, ಹೊರಮುಖವಾಗಿರುವ ಒಂದು ಕಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಆರೋಗ್ಯವಾದ ಮೂರು ಕಣ್ಣುಗಳು ಉಳಿದರೆ ಸಾಕು. ಮೊಗ್ಗುಗಳಿದ್ದರೆ ಎಲ್ಲವನ್ನೂ ಚಿವುಟಿ.

ಗುಂಡಿ 40 ಸೆಂ.ಮೀ. ಅಗಲ, ಅಷ್ಟೇ ಆಳ ಇರಲಿ. ತೋಡಿದ ಮಣ್ಣಿಗೆ ಅದರ ನಾಲ್ಕನೆಯ ಒಂದು ಭಾಗದಷ್ಟು ಪೂರ್ತಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಬೆರೆಸಿ. ಹಸಿ ಸಗಣಿ ಬೇಡ, ರಾಸಾಯನಿಕ ಗೊಬ್ಬರವಂತೂ ಹೊಸ ಚಿಗುರು ಬಲಿಯುವವರೆಗೆ ಬೇಡವೇ ಬೇಡ. ಮರಿ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ, ಹೆಚ್ಚೆಂದರೆ ಎರಡು ಮೂರು ಸೆಂ.ಮೀ. ಕೆಳಗೆ ನೆಟ್ಟು, ಮಣ್ಣನ್ನು ಕಾಲಿನಿಂದ ತುಳಿಯದೆ ನೀರು ಹೊಯ್ದು ಕೂರಿಸಿ. ನೀರು ಇಳಿದಾಗ ಬೇರಿನ ನಡುವಿನ ಟೊಳ್ಳು ತಾನಾಗಿ ತುಂಬಿಕೊಳ್ಳುತ್ತದೆ. ಒಣ ಎಲೆ ಅಥವಾ ಹುಲ್ಲಿನ 5 ಸೆಂ.ಮೀ. ದಪ್ಪದ ಹೊದಿಕೆ ಹಾಸಿ, ಅದು ಕಾಂಡಕ್ಕೆ ತಾಗದಂತೆ ಬಿಡಿ. ಹತ್ತರಿಂದ ಹದಿನೈದು ದಿನ ಮಧ್ಯಾಹ್ನದ ಬಿಸಿಲಿಗೆ ನೆರಳು ಕಟ್ಟಿ. ನೀರು ಕೊಡುವ ಮೊದಲು ಪ್ರತಿ ಬಾರಿಯೂ ಬೆರಳನ್ನು ಮಣ್ಣಿಗೆ ಇಳಿಸಿ ನೋಡಿ. ಎರಡು ಗೆಣ್ಣಿನ ಆಳದಲ್ಲಿ ತೇವ ತಾಗಿದರೆ ಆ ದಿನ ನೀರು ಬೇಡ.

ಎಲೆ ಉದುರಿದೊಡನೆ ಧೈರ್ಯಗೆಡಬೇಡಿ. ಉಗುರಿನಿಂದ ತೊಗಟೆಯನ್ನು ಸ್ವಲ್ಪವೇ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಮರಿ ಬದುಕಿದೆ. ಆರು ವಾರ ಬರಿಯ ಕಡ್ಡಿಯಾಗಿ ನಿಂತು ಆಮೇಲೆ ಚಿಗುರಿದ ಮರಿ ನನ್ನಲ್ಲಿ ಇಂದಿಗೂ ಇದೆ.


ಉತ್ತರ 3: ಮುಂಜಾವು

ಮಣ್ಣುಹೆಂಟೆ ಅವರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಬೇರು ಕಡಿಮೆಯಿರುವ ಮರಿಯನ್ನು ನೇರವಾಗಿ ನೆಲಕ್ಕೆ ನೆಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅಂತಹ ಮರಿಯನ್ನು 20ರಿಂದ 25 ಸೆಂ.ಮೀ. ಅಗಲದ, ತಳದಲ್ಲಿ ನೀರು ಸರಾಗವಾಗಿ ಹೋಗುವ ಕುಂಡದಲ್ಲಿ ನೆಟ್ಟು, ಅರೆನೆರಳಿನಲ್ಲಿ ಒಂದು ಬೆಳೆಗಾಲ ಸಾಕಿ, ಬೇರು ಕುಂಡವನ್ನು ತುಂಬಿದ ಮೇಲೆ ನೆಲಕ್ಕೆ ಇಳಿಸುತ್ತೇನೆ. ಕುಂಡದಲ್ಲಿರುವಾಗ ಅದರ ಮೇಲೆ ಕಣ್ಣಿಡುವುದು ಸುಲಭ, ಗೆದ್ದಲು ಮತ್ತು ಪಕ್ಕದ ಗಿಡಗಳ ಬೇರಿನ ಪೈಪೋಟಿಯೂ ಇರುವುದಿಲ್ಲ.

ಇನ್ನೊಂದು ಮಾತು. ತಾಯಿಗಿಡದ ಕೊಂಬೆಗಳು ಒಣಗುತ್ತಿವೆ ಎಂದಿದ್ದೀರಿ. ಮರಿ ತೆಗೆಯುವಾಗ ಬೇರಿನಲ್ಲಿ ಅಥವಾ ಬುಡದಲ್ಲಿ ಹೂಕೋಸಿನಂತೆ ಒರಟಾಗಿ ಬೆಳೆದ ಗಡ್ಡೆಗಳಿವೆಯೇ ಎಂದು ಗಮನಿಸಿ. ಅದು ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದಿಂದ ಬರುವ ಬುಡಗಂಟು ರೋಗ. ಕಸಿಯ ಗಂಟನ್ನು ಇದೆಂದು ತಪ್ಪು ತಿಳಿಯಬೇಡಿ; ರೋಗದ ಗಡ್ಡೆ ಬೇರಿನ ಮೇಲೆಯೂ ಅಲ್ಲಲ್ಲಿ ಇರುತ್ತದೆ, ಎಳೆಯದಾಗಿದ್ದಾಗ ಮೃದುವಾಗಿರುತ್ತದೆ. ಎಲೆಗಳಲ್ಲಿ ಹಳದಿ ಗೆರೆಗಳು ಅಂಕುಡೊಂಕಾಗಿ ಹರಿದಿದ್ದರೆ ಅದು ಮೊಸಾಯಿಕ್ ವೈರಸ್ ಇರಬಹುದು. ಮರಿ ತಾಯಿಗಿಡದ ದೇಹದ ತುಂಡೇ ಆಗಿರುವುದರಿಂದ ಈ ಎರಡೂ ಅದರೊಂದಿಗೇ ಬರುತ್ತವೆ. ಕತ್ತರಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಒಯ್ಯುವ ಮೊದಲು 70 ಶೇಕಡಾ ಆಲ್ಕೋಹಾಲಿನಿಂದ ಒರೆಸುವ ಅಭ್ಯಾಸ ಇಟ್ಟುಕೊಳ್ಳಿ.


ಹಿತ್ತಲಪಾತಿ

ಇಷ್ಟು ತಾಳ್ಮೆಯಿಂದ ಬರೆದ ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಬೆಳಿಗ್ಗೆ ಬುಡದ ಮಣ್ಣನ್ನು ಸರಿಸಿ ನೋಡಿದೆ. ಸುಮಾರು 8 ಸೆಂ.ಮೀ. ಆಳದಲ್ಲಿ ಗಟ್ಟಿಯಾದ ಗಂಟು ಸಿಕ್ಕಿತು, ಅಂದರೆ ಇದು ಕಸಿಯ ಗಿಡವೇ. ವರ್ಷ ವರ್ಷವೂ ತಾಯಿಯವರು ಬುಡಕ್ಕೆ ಮಣ್ಣು, ಗೊಬ್ಬರ ಏರಿಸುತ್ತಾ ಬಂದುದರಿಂದ ಗಂಟು ಆಳಕ್ಕೆ ಹೋಗಿರಬೇಕು.

ದೂರದ ಎರಡು ಮರಿಗಳನ್ನು ಹಿಂಬಾಲಿಸಿ ಹೋದಾಗ, ಅವೆರಡೂ ಗಂಟಿನ ಕೆಳಗಿನಿಂದ ಹೊರಟ ಒಂದೇ ದಪ್ಪ ಬೇರಿನಿಂದ ಎದ್ದಿರುವುದು ಸ್ಪಷ್ಟವಾಯಿತು. ಅವುಗಳ ಎಲೆ ತಿಳಿಹಸಿರು, ಹೊಳಪಿಲ್ಲ, ಎಲೆಯ ಬುಡದ ರೆಕ್ಕೆಯ ಅಂಚು ಕಸಿಗಂಟು ಅವರು ವರ್ಣಿಸಿದಂತೆಯೇ ಎಳೆ ಎಳೆಯಾಗಿ ಸೀಳಿದೆ. ಕಳೆದ ವರ್ಷ ನಾನು ಕಿತ್ತು ನೆಟ್ಟದ್ದೂ ಇದೇ ಬೇರಿನ ಮರಿಯಾಗಿತ್ತು ಎಂದು ಈಗ ಅರಿವಾಗುತ್ತಿದೆ. ಬುಡದ ಬಳಿಯ ಮೂರು ಮರಿಗಳು ಗಂಟಿನ ಮೇಲ್ಭಾಗದಿಂದ ಬಂದಿವೆ, ಎಲೆ ತಾಯಿಗಿಡದ ಎಲೆಯಂತೆಯೇ ಇದೆ. ಅವುಗಳಲ್ಲಿ ಎರಡರ ಬುಡದಲ್ಲಿ, ಮಣ್ಣಿನೊಳಗಿದ್ದ ಭಾಗದಿಂದ, ಬಿಳಿಯ ಎಳೆಬೇರುಗಳು ಹೊರಟಿವೆ. ಮೂರನೆಯದರಲ್ಲಿ ಬೇರಿಲ್ಲ. ಗಡ್ಡೆಯಾಗಲಿ ಹಳದಿ ಗೆರೆಗಳಾಗಲಿ ಎಲ್ಲಿಯೂ ಕಾಣಲಿಲ್ಲ. ಎಲ್ಲವನ್ನೂ ಮತ್ತೆ ಮಣ್ಣಿನಿಂದ ಮುಚ್ಚಿಟ್ಟಿದ್ದೇನೆ.

ಈಗ ಈ ಮೂರನ್ನು ಏನು ಮಾಡಲಿ? ಮತ್ತು ದೂರದ ಎರಡನ್ನು ಕಡಿದುಹಾಕಬೇಕೇ?


ಉತ್ತರ 4: ಕಸಿಗಂಟು

ನಿಮ್ಮ ಬರಹವನ್ನು ಓದಿ ಬಹಳ ಸಂತೋಷವಾಯಿತು. ಕಸಿಯ ಗಂಟು ಮಣ್ಣಿನೊಳಗೆ ಇಳಿದಿದ್ದರಿಂದ ಮೇಲಿನ ತಳಿ ಸ್ವಂತ ಬೇರು ಬಿಟ್ಟಿದೆ. ತಾಯಿಯವರು ಬುಡಕ್ಕೆ ಏರಿಸುತ್ತಾ ಬಂದ ಮಣ್ಣೇ ಈ ಎರಡು ಮರಿಗಳಿಗೆ ಬೇರು ಕೊಟ್ಟಿದೆ.

ಬೇರಿರುವ ಎರಡನ್ನು ಗಂಟಿನ ಬಳಿ ಹರಿತವಾದ ಕತ್ತರಿಯಿಂದ ಅಥವಾ ಸಣ್ಣ ಗರಗಸದಿಂದ, ಗಂಟಿನ ಒಂದು ಸಣ್ಣ ಚೂರು ಸಮೇತವಾದರೂ ಅಡ್ಡಿಯಿಲ್ಲ, ಬೇರ್ಪಡಿಸಬಹುದು. ಆದರೆ ಎರಡನ್ನೂ ಒಮ್ಮೆಗೇ ತೆಗೆಯಬೇಡಿ. ಈ ಋತುವಿನಲ್ಲಿ ಒಂದನ್ನು ತೆಗೆದು, ಅದು ಚಿಗುರಿ ನೆಲೆ ನಿಂತ ಮೇಲೆ ಎರಡನೆಯದಕ್ಕೆ ಕೈ ಹಾಕಿ. ಮತ್ತೆ ಸಿಗದ ತಳಿಯ ವಿಷಯದಲ್ಲಿ ಎಲ್ಲವನ್ನೂ ಒಂದೇ ದಿನದ ಹವಾಮಾನಕ್ಕೆ ಒಡ್ಡಬಾರದು. ಬುಡಕ್ಕೆ ಇಷ್ಟು ಹತ್ತಿರವಿರುವ ಮರಿಗೆ ದೊಡ್ಡ ಮಣ್ಣಿನ ಹೆಂಟೆ ಸಿಗುವುದಿಲ್ಲವಾದ್ದರಿಂದ ಮುಂಜಾವು ಅವರು ಹೇಳಿದ ಕುಂಡದ ಕ್ರಮವೇ ನಿಮಗೆ ಸೂಕ್ತ.

ಬೇರಿಲ್ಲದ ಮೂರನೆಯ ಚಿಗುರನ್ನು ಸದ್ಯ ಅಲ್ಲೇ ಬಿಡಿ. ಅದರ ಬುಡದಲ್ಲಿ, ನೆಲಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಚಾಕುವಿನಿಂದ ತೊಗಟೆಯನ್ನು ಎರಡು ಸೆಂ.ಮೀ. ಉದ್ದಕ್ಕೆ ಒಂದು ಬದಿಯಲ್ಲಿ ಮಾತ್ರ ತೆಳುವಾಗಿ ಕೆತ್ತಿ, ಬೇರು ಬರಿಸುವ ಐಬಿಎ ಪುಡಿ ಸವರಿ, 15 ಸೆಂ.ಮೀ. ಎತ್ತರಕ್ಕೆ ಸಡಿಲವಾದ ಮಣ್ಣು ಮತ್ತು ಕಾಂಪೋಸ್ಟ್ ಏರಿಸಿ ತೇವ ಆರದಂತೆ ನೋಡಿಕೊಳ್ಳಿ. ಮುಂದಿನ ಬೆಳೆಗಾಲದ ಹೊತ್ತಿಗೆ ಅದೂ ಬೇರು ಬಿಡುವ ಸಾಧ್ಯತೆ ಚೆನ್ನಾಗಿದೆ. ಜೊತೆಗೆ ತಾಯಿಗಿಡದಲ್ಲಿ ಆಗಷ್ಟೇ ಹೂ ಬಿಟ್ಟು ಮುಗಿದ, ಪೆನ್ಸಿಲ್ ದಪ್ಪದ ಆರೋಗ್ಯವಾದ ಕೊಂಬೆಗಳಿದ್ದರೆ 15ರಿಂದ 20 ಸೆಂ.ಮೀ. ಉದ್ದದ ಕೆಲವು ಕಡ್ಡಿಗಳನ್ನೂ ನೆಟ್ಟಿಡಿ. ಹತ್ತರಲ್ಲಿ ನಾಲ್ಕು ಬದುಕಿದರೂ ತಳಿ ಉಳಿದಂತೆಯೇ.

ದೂರದ ಎರಡು ಮರಿಗಳು ಮಲ್ಟಿಫ್ಲೋರಾದವು ಎಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ. ಅವು ಅಲ್ಲೇ ಇದ್ದರೆ ಬೇರಿನ ಶಕ್ತಿಯೆಲ್ಲ ಅವಕ್ಕೆ ಹರಿದು ನಿಮ್ಮ ಗಿಡ ಇನ್ನಷ್ಟು ಸೊರಗುತ್ತದೆ. ಅವನ್ನು ನೆಲಮಟ್ಟದಲ್ಲಿ ಕತ್ತರಿಸಬೇಡಿ, ಏಕೆಂದರೆ ಉಳಿದ ಮೋಟಿನಲ್ಲಿರುವ ಕಣ್ಣುಗಳಿಂದ ಒಂದರ ಬದಲು ನಾಲ್ಕು ಏಳುತ್ತವೆ. ಬೇರಿಗೆ ಅಂಟಿರುವ ಜಾಗದವರೆಗೆ ಮಣ್ಣು ತೆಗೆದು, ಗಟ್ಟಿಯಾಗಿ ಹಿಡಿದು ಬೇರಿನಿಂದ ಕಿತ್ತು ಹರಿಯಬೇಕು. ಆಗ ಬುಡದ ಸುಪ್ತ ಕಣ್ಣುಗಳೂ ಅದರೊಂದಿಗೆ ಬರುತ್ತವೆ.

ಆದರೆ ಅವನ್ನು ಎಸೆಯುವ ಮೊದಲು ಒಂದು ಮಾತು. ಮಲ್ಟಿಫ್ಲೋರಾ ಸಾವಿರಾರು ಗುಲಾಬಿಗಳಿಗೆ ಬೇರು ಕೊಟ್ಟಿರುವ ಗಿಡ, ನಿಮ್ಮ ಗಿಡವನ್ನೂ ಇಷ್ಟು ವರ್ಷ ಅದೇ ಹೊತ್ತು ನಿಲ್ಲಿಸಿದೆ. ಆ ಮರಿಗಳ ಕೊಂಬೆಗಳನ್ನು ಕಡ್ಡಿಗಳಾಗಿ ಕತ್ತರಿಸಿ, ಮಣ್ಣಿನೊಳಗೆ ಹೋಗುವ ಭಾಗದ ಕಣ್ಣುಗಳನ್ನೆಲ್ಲ ಚಾಕುವಿನಿಂದ ತೆಗೆದು ನೆಡಿ. ಅವು ಸುಲಭವಾಗಿ ಬೇರು ಬಿಡುತ್ತವೆ, ಮತ್ತು ಕೆಳಗಿನ ಕಣ್ಣು ತೆಗೆದಿರುವುದರಿಂದ ಮುಂದೆ ಮರಿ ಏಳುವ ಕಾಟವೂ ಕಡಿಮೆ. ಬೇರಿನ ಸಮೇತ ಮರಿಯನ್ನೇ ನೆಟ್ಟರೆ ಆ ಅಭ್ಯಾಸ ಅದರೊಂದಿಗೇ ಹೋಗುತ್ತದೆ. ಕಡ್ಡಿಗಳು ಬೆಳೆದು ಪೆನ್ಸಿಲ್ ದಪ್ಪವಾಗಿ, ತೊಗಟೆ ಸುಲಭವಾಗಿ ಬಿಡಿಸಿಕೊಳ್ಳುವ ದಿನಗಳಲ್ಲಿ ತೊಗಟೆಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರದಂತೆ ಸೀಳಿ, ನಿಮ್ಮ ತಾಯಿಯವರ ಗಿಡದ ಕಣ್ಣನ್ನು ಅದರೊಳಗೆ ಕೂರಿಸಿ ಪಟ್ಟಿ ಕಟ್ಟಬಹುದು. ಮೂರು ನಾಲ್ಕು ವಾರಗಳಲ್ಲಿ ಕಣ್ಣು ಹಸಿರಾಗಿಯೇ ಉಳಿದಿದ್ದರೆ ಕಸಿ ಕೂಡಿತು ಎಂದರ್ಥ. ಹೀಗೆ ಅದೇ ಹೂವು ಸ್ವಂತ ಬೇರಿನ ಮೇಲೂ ಕಸಿಯ ಬೇರಿನ ಮೇಲೂ ನಿಮ್ಮಲ್ಲಿ ಉಳಿಯುತ್ತದೆ.


ಉತ್ತರ 5: ಮಣ್ಣುಹೆಂಟೆ

ಜಾಗದ ಬಗ್ಗೆ ಹೇಳುವುದು ಮರೆತಿತ್ತು. ಹೊಸ ಮರಿಯನ್ನು ಹಳೆಯ ಗಿಡ ಇದ್ದ ಜಾಗದಲ್ಲೇ ನೆಡುವ ಆಸೆ ನಿಮಗೆ ಬರಬಹುದು, ಆ ಆಸೆ ಸಹಜ. ಆದರೆ ಗುಲಾಬಿ ಬಹಳ ವರ್ಷ ಬೆಳೆದ ಮಣ್ಣಿನಲ್ಲಿ ಮತ್ತೆ ಗುಲಾಬಿ ನೆಟ್ಟರೆ ಎಳೆಗಿಡ ಬೇರು ಬಿಡದೆ ಕುಗ್ಗುವುದನ್ನು ತೋಟಗಾರರು ಬಹುಕಾಲದಿಂದ ನೋಡುತ್ತಾ ಬಂದಿದ್ದಾರೆ. ಅಲ್ಲೇ ನೆಡಬೇಕೆಂದಿದ್ದರೆ 45 ಸೆಂ.ಮೀ. ಅಗಲ ಮತ್ತು ಆಳದ ಮಣ್ಣನ್ನು ಪೂರ್ತಿ ತೆಗೆದು, ಗುಲಾಬಿ ಬೆಳೆಯದ ಜಾಗದ ಮಣ್ಣನ್ನು ತುಂಬಿ. ಇಲ್ಲವಾದರೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ, ನೀರು ನಿಲ್ಲದ, ಸ್ವಲ್ಪ ಆಮ್ಲೀಯವಾದ, ಅಂದರೆ ಪಿಎಚ್ 6ರಿಂದ 6.5ರ ಒಳಗಿನ ಮಣ್ಣಿರುವ ಹೊಸ ಜಾಗವನ್ನು ನೋಡಿ.

ಇದನ್ನು ಓದುತ್ತಿರುವ ಇತರರಿಗಾಗಿ ಇನ್ನೊಂದು ವಿಷಯ. ಹೊಸ ತಳಿಗಳನ್ನು ಮರಿಯಿಂದ ಅಥವಾ ಕಡ್ಡಿಯಿಂದ ಹೆಚ್ಚಿಸಲು ಕೆಲವು ದೇಶಗಳ ಕಾನೂನಿನಲ್ಲಿ ನಿರ್ಬಂಧವಿದೆ. ಅಮೆರಿಕದಲ್ಲಿ 1931ರಲ್ಲಿ ಕೊಟ್ಟ ಮೊತ್ತಮೊದಲ ಸಸ್ಯ ಪೇಟೆಂಟ್ ಒಂದು ಗುಲಾಬಿಗೇ ಸಂದಿತ್ತು, ‘ನ್ಯೂ ಡಾನ್’ ಎಂಬ ಬಳ್ಳಿಗುಲಾಬಿಗೆ. ಆ ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಇತ್ತೀಚೆಗೆ ಹೆಸರಿನ ಚೀಟಿಯೊಂದಿಗೆ ಕೊಂಡ ತಳಿಯಾದರೆ ಆ ಚೀಟಿಯನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು.


ಹಿತ್ತಲಪಾತಿ

ಮೋಡ ಕವಿದಿದ್ದರಿಂದ ನಿನ್ನೆ ಸಂಜೆ ಮೊದಲ ಮರಿಯನ್ನು ಬೇರ್ಪಡಿಸಿ ಕುಂಡಕ್ಕೆ ಹಾಕಿದೆ. ಬೆರಳುದ್ದದ ಏಳು ಎಳೆಬೇರುಗಳಿದ್ದವು. ಮೇಲೆ ಮೂರು ಕಣ್ಣು ಉಳಿಸಿ ಕತ್ತರಿಸಿದ್ದೇನೆ. ಮಲ್ಟಿಫ್ಲೋರಾದ ಎಂಟು ಕಡ್ಡಿಗಳನ್ನು ಕೆಳಗಿನ ಕಣ್ಣು ತೆಗೆದು ನೆಟ್ಟಿದ್ದೇನೆ. ಕೊನೆಯದಾಗಿ ಒಂದು ಪ್ರಶ್ನೆ: ಮರಿ ಚಿಗುರಿ ಮೊಗ್ಗು ಬಿಟ್ಟರೆ, ಅದು ನಿಜವಾಗಿ ತಾಯಿಯವರ ಹೂವೇ ಎಂದು ನೋಡಲು ಒಂದು ಮೊಗ್ಗನ್ನಾದರೂ ಅರಳಲು ಬಿಡಬಹುದೇ?


ಉತ್ತರ 6: ಮುಂಜಾವು

ಮೊದಲ ಬೆಳೆಗಾಲದಲ್ಲಿ ಮೊಗ್ಗುಗಳನ್ನು ಚಿವುಟಬೇಕು ಎಂಬುದು ಸರಿಯಾದ ನಿಯಮ, ಏಕೆಂದರೆ ಹೂವಿಗೆ ಹೋಗುವ ಶಕ್ತಿ ಬೇರಿಗೆ ಹೋಗಬೇಕು. ಹಾಗಿದ್ದರೂ ಮೊದಲು ಬರುವ ಎರಡು ಮೂರು ಮೊಗ್ಗುಗಳನ್ನು ಚಿವುಟಿ, ಕಡ್ಡಿಯಲ್ಲಿ ಕನಿಷ್ಠ ಹತ್ತು ಬಲಿತ ಎಲೆಗಳಾದ ಮೇಲೆ ಒಂದೇ ಒಂದು ಮೊಗ್ಗನ್ನು ಬಿಡಿ. ಅದು ಅರಳಿ, ನೀವು ನೋಡಿ, ಮೂಸಿ ಖಚಿತಪಡಿಸಿಕೊಂಡ ದಿನವೇ ಹೂವನ್ನು ಚಿಕ್ಕ ತೊಟ್ಟಿನೊಂದಿಗೆ ಕತ್ತರಿಸಿ ಒಳಗೆ ತಂದಿಟ್ಟುಕೊಳ್ಳಿ. ಕೆಳಗಿನ ಎಲೆಗಳನ್ನು ಮಾತ್ರ ಒಂದನ್ನೂ ತೆಗೆಯಬೇಡಿ.